ತಗಡಿನ ಮೂಲೆಯ ಮೂರು ಗೀಟು

"ಮುಟ್ಬೇಡಿ. ಅಲ್ಲಿಂದ್ಲೇ ನೋಡಿ," ಎಂದ ಅಸಹಜ ಸಾವುಗಳ ತನಿಖೆಯ ಅಧಿಕಾರಿ, ಕರೋನರ್ ಗ್ಯಾಸ್ಕಿನ್.

ಡಾರ್ಕಸ್ ಹೆಬಲ್ ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡಳು. ಮೇಜಿನ ಹಸಿರು ಬಟ್ಟೆಯ ಮೇಲೆ ರಕ್ತ ಒಣಗಿ ಕಂದು ಬಣ್ಣಕ್ಕೆ ತಿರುಗಿತ್ತು. ಮೂರು ದಿನದ ಹಿಂದೆ ಕರ್ನಲ್ ಆಂಬ್ರೋಸ್ ಟೀಲ್ ಇದೇ ಕುರ್ಚಿಯಲ್ಲಿ, ಇದೇ ಕಿಟಕಿಗೆ ಮುಖ ಮಾಡಿ, ಕತ್ತಿನ ಹಿಂಭಾಗದಲ್ಲಿ ತಾಮ್ರ ಕೊರೆಯುವ ಉಳಿ ನಾಟಿಸಿಕೊಂಡು ಸತ್ತು ಕೂತಿದ್ದ. ಉಳಿ ಅವಳ ತಮ್ಮ ಸೈಲಸ್‌ನದು. ಸೈಲಸ್ ಈಗ ಜೈಲಿನ ಹುಲ್ಲಿನ ಮೇಲೆ ಕೂತಿದ್ದ.

ಮಧ್ಯಾಹ್ನ ಹನ್ನೆರಡಕ್ಕೆ ಬೀದಿಯಾಚೆಯ ಹೆಂಡದಂಗಡಿಯ ಮಹಡಿಯಲ್ಲಿ ಜ್ಯೂರಿ ಸೇರಲಿತ್ತು. ಲಂಡನ್ನಿನಲ್ಲಿ ಅನುಮಾನದ ಸಾವಿನ ವಿಚಾರಣೆಗಳೆಲ್ಲ ನಡೆಯುವುದು ಅಂಥಲ್ಲೇ. ಹನ್ನೆರಡು ಜನ ಅಂಗಡಿಯವರು ಬೀರು ಹೀರುತ್ತ ಕೂತು, ಕೊಂದವನು ಸೈಲಸ್ ಪರ್ಕಿಸ್ ಎಂದು ರುಜು ಹಾಕಿಕೊಟ್ಟರೆ ಉಳಿದದ್ದೆಲ್ಲ ಹಗ್ಗದ ಕೆಲಸ. ಈಗ ಗಂಟೆ ಹತ್ತೂವರೆ.

ಅವಳು ಬಂದದ್ದು ಒಂದೇ ಒಂದು ಕಾಗದವನ್ನು ಕಣ್ಣಾರೆ ನೋಡುವುದಕ್ಕೆ.

ಸತ್ತವನ ಮುಂದೆ ಒಂದು ತಾಮ್ರದ ತಗಡು ಬಿದ್ದಿತ್ತು, ಚಿತ್ರ ಕೊರೆದದ್ದು. ಕರೋನರ್ ಅದಕ್ಕೆ ಮಸಿ ಹಚ್ಚಿಸಿ, ಬೇರೊಂದು ಅಂಗಡಿಯ ಅಚ್ಚಿನವನಿಂದ ಒಂದು ಪ್ರತಿ ತೆಗೆಸಿದ್ದ. ಕಾಗದವನ್ನು ತಗಡಿನಿಂದ ಎಬ್ಬಿಸಿ ನೋಡಿದ ಆ ಮನುಷ್ಯ ಅಲ್ಲೇ ನೆಲದ ಮೇಲೆ ಕುಸಿದು ಕೂತನಂತೆ. ಚಿತ್ರದಲ್ಲಿ ಕರ್ನಲ್ ಸಮವಸ್ತ್ರ ತೊಟ್ಟು, ಸೊಂಟಕ್ಕೆ ಕತ್ತಿ ಕಟ್ಟಿಕೊಂಡು, ತನ್ನ ಮೇಜಿನ ಮುಂದೆ ಕೂತಿದ್ದ. ಅವನ ಹಿಂದೆ ಒಬ್ಬ ಆಸಾಮಿ ನೋಡುವವರಿಗೆ ಬೆನ್ನು ಹಾಕಿ, ಎಡಗೈಯಲ್ಲಿ ಉಳಿ ಎತ್ತಿ ಹಿಡಿದು ನಿಂತಿದ್ದ.

ವ್ಯಂಗ್ಯಚಿತ್ರ ಬರೆಯುವ ಕರ್ನಲ್ ತನ್ನ ಸಾವನ್ನು ತಾನೇ ಬರೆದಿಟ್ಟು ಹೋಗಿದ್ದ. ಸುದ್ದಿ ಕೇಳಿದ ಕಾಫಿಯಂಗಡಿಗಳಲ್ಲಿ ಎರಡು ದಿನ ಯಾರೂ ಗಟ್ಟಿಯಾಗಿ ಮಾತಾಡಿರಲಿಲ್ಲ.

ಸೈಲಸ್ ಎಡಚ. ಅದು ಸಾಲದು ಎಂಬಂತೆ, ಹಿಂದಿನ ವಾರವಷ್ಟೇ ಅವನು ಅಕ್ಕನ ಅಚ್ಚುಚಿತ್ರದ ಅಂಗಡಿಯಲ್ಲಿ ಹತ್ತು ಜನ ಗಿರಾಕಿಗಳ ಎದುರು ಕರ್ನಲ್ ಜೊತೆ ಕಿತ್ತಾಡಿ, "ಇನ್ನೊಂದ್ಸಲ ನನ್ನ ಕೆಲಸಕ್ಕೆ ಹೆಸರಿಟ್ರೆ ಈ ಉಳೀನ ಎಲ್ಲಿ ಇಳಿಸ್ತೀನಿ ನೋಡಿ" ಅಂದಿದ್ದ. ಕರ್ನಲ್ ಹೊಟ್ಟೆ ಹಿಡಿದು ನಕ್ಕಿದ್ದ. ಆ ಮಾತನ್ನೇ ತಮಾಷೆಗೆ ಚಿತ್ರ ಮಾಡಿದ್ದಾನೆ, ತಮಾಷೆ ನಿಜವಾಗಿಬಿಟ್ಟಿದೆ ಎಂದು ಊರು ತೀರ್ಮಾನಿಸಿತ್ತು.

"ಕೂತ್ಕೊಳ್ಳಿ ಮಿಸೆಸ್ ಹೆಬಲ್, ಮುಖ ಬಿಳಿಚ್ಕೊಂಡಿದೆ." ಮನೆ ನೋಡಿಕೊಳ್ಳುವ ಮುದುಕಿ ಟ್ಯಾಬಿತಾ ಬಿಸಿ ಚಾಕಲೇಟಿನ ಬಟ್ಟಲುಗಳ ತಟ್ಟೆ ಹಿಡಿದು ಒಳಗೆ ಬಂದಿದ್ದಳು. ಅತ್ತು ಅತ್ತು ಅವಳ ಮೂಗು ಕೆಂಪಾಗಿತ್ತು.

"ನಿಂತೇ ಇರ್ತೀನಿ ಟ್ಯಾಬಿತಮ್ಮ. ಕೂತ್ರೆ ಏಳೋಕಾಗಲ್ಲ."

"ಅವಳು ಕೂತ್ರೇನು ನಿಂತ್ರೇನು," ಎಂದ ಕಿಟಕಿಯ ಬಳಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದ ಜರ್ವಿಸ್ ಟೀಲ್. ಅವನು ಕರ್ನಲ್‌ನ ತಮ್ಮನ ಮಗ. ರೇಷ್ಮೆಯ ಕಾಲುಚೀಲ, ಬೂದು ಬಣ್ಣದ ಕೈಗವಸು, ದುಃಖಕ್ಕೆಂದು ತೋಳಿಗೆ ಕಟ್ಟಿದ ಕರಿಪಟ್ಟಿ ಎಲ್ಲವೂ ಹೊಸದು. "ಅಂಗಡಿಯವಳಿಗೆಲ್ಲ ಈ ಕೋಣೇಲಿ ಏನು ಕೆಲಸ ಅಂತ ನನಗಿನ್ನೂ ಅರ್ಥ ಆಗಿಲ್ಲ, ಮಿಸ್ಟರ್ ಗ್ಯಾಸ್ಕಿನ್."

"ಸತ್ತೋರ ಚಿತ್ರಗಳನ್ನ ಅಚ್ಚು ಹಾಕಿ ಮಾರಿದ್ದು ಈ ಅಂಗಡಿಯೋರೇ ಅಲ್ವಾ. ಮಾತು ಕೇಳೋಣ. ಇನ್ನೂ ಹೊತ್ತಿದೆ," ಎಂದ ಗ್ಯಾಸ್ಕಿನ್. ದಪ್ಪ ಮನುಷ್ಯ, ನಿಧಾನ ಮನುಷ್ಯ, ಆದರೆ ಒಮ್ಮೆ ಕೇಳಿದ್ದನ್ನು ಮರೆಯದವನು. ಅವನ ಈ ಗುಣ ಡಾರ್ಕಸ್‌ಗೆ ಹದಿನಾಲ್ಕು ತಿಂಗಳಿಂದ ಗೊತ್ತಿತ್ತು. ಅವನ ಕಣ್ಣು ತಪ್ಪಿಸಲು ಅವಳು ಗೋಡೆಯ ಕಡೆ ನೋಡಿದಳು.

ಗೋಡೆಯ ತುಂಬ ಕರ್ನಲ್‌ನ ಪೆನ್ಸಿಲ್ ಚಿತ್ರಗಳು. ಹಳ್ಳಿಯಲ್ಲಿ ಸಾವಿರ ಎಕರೆ, ನಾಡ ಸೇನೆಯಲ್ಲೊಂದು ಪದವಿ, ಮಾಡಲು ಕೆಲಸವಿಲ್ಲ. ಕ್ಲಬ್ಬಿನಲ್ಲಿ ಕೂತು ಮೇಜಿನ ಕೆಳಗೆ ಇಸ್ಪೀಟಿನ ಎಲೆ ಇಟ್ಟುಕೊಂಡು, ಎದುರಿಗಿದ್ದವನ ಮೂಗನ್ನು ಎಲೆಯ ಬೆನ್ನಿಗೆ ಇಳಿಸುವುದೇ ಅವನ ಜೀವನ. ಮಂತ್ರಿಗಳು ಅವನ ಎದುರು ಕೂರಲು ಹೆದರುತ್ತಿದ್ದರು. ತಮ್ಮ ಚಿತ್ರ ಬರಲಿಲ್ಲವಲ್ಲ ಎಂದು ಒಳಗೊಳಗೇ ಕೊರಗುತ್ತಿದ್ದವರೂ ಉಂಟು. ದೊಡ್ಡ ಮನೆತನದವನು ಕೈಕೆಲಸಕ್ಕೆ ಕಾಸು ಮುಟ್ಟುವಂತಿಲ್ಲ, ಹೆಸರು ಹಾಕುವಂತಿಲ್ಲ. ಅದಕ್ಕೇ ಅವನು ಒಂದು ಚಿತ್ರಕ್ಕೆ ಪ್ರತಿಯಾಗಿ ಒಂದು ಡಜನ್ ಅಚ್ಚು ಪಡೆದು ಸ್ನೇಹಿತರಿಗೆ ಹಂಚುತ್ತಿದ್ದ, ಹೆಸರಿನ ಜಾಗದಲ್ಲಿ ಒಂದು ಸಣ್ಣ ಬಾತುಕೋಳಿ ಬರೆಯುತ್ತಿದ್ದ.

"ಅದು ನಮ್ಮ ಲೂಷಿಯನ್ ಧಣಿ, ಇವರ ಅಣ್ಣ," ಎಂದಳು ಟ್ಯಾಬಿತಾ, ಡಾರ್ಕಸ್‌ಳ ನೋಟ ಹಿಡಿದು. ಕುದುರೆ ಹಲ್ಲಿನ ಯುವಕನೊಬ್ಬ ಎಡಗೈಯಲ್ಲಿ ಚಹದ ಬಟ್ಟಲು ಹಿಡಿದಿದ್ದ. ಕಿರುಬೆರಳು ಕೊಕ್ಕೆಯಂತೆ ಅಂಗೈಗೆ ಮಡಚಿಕೊಂಡಿತ್ತು. "ಎತ್ತಿ ಆಡಿಸಿದ ಮಗು. ಬೆರಳನ್ನೂ ಬಿಟ್ಟಿಲ್ಲ ನೋಡಿ ನಮ್ಮ ಕರ್ನಲ್ಲು. ಇದ್ದದ್ದನ್ನ ದೊಡ್ಡದು ಮಾಡೋರು, ಇಲ್ದೇ ಇರೋದನ್ನ ಒಂದಿನಾನೂ ಬರೀಲಿಲ್ಲ."

"ಅಣ್ಣನಿಗೂ ಕಾಗದ ಹಾಕ್ಬೇಕು, ದೊಡ್ಡಪ್ಪ ಹೋದ್ರು ಅಂತ," ಎಂದ ಜರ್ವಿಸ್. "ಆಸ್ತಿಯೆಲ್ಲ ಅವನಿಗೇ ಬರೋದು, ಆದ್ರೆ ಅವನು ಇಂಡಿಯಾದಿಂದ ಬರೋವರೆಗೆ ಜಮೀನು, ಮನೆ ಎಲ್ಲ ನನ್ನ ತಲೆ ಮೇಲೆ."

"ವರ್ಷದ ಮೇಲಾಯ್ತು, ಹೋದೋರು ಒಂದು ಕಾಗದಾನೂ ಬರೀಲಿಲ್ವಲ್ಲ ಸ್ವಾಮಿ."

"ಹಡಗು ಹೋಗೋಕೆ ಆರು ತಿಂಗಳು, ಬರೋಕೆ ಆರು ತಿಂಗಳು. ಕಾಗದ ಈಜ್ಕೊಂಡು ಬರುತ್ತಾ? ನೀನು ಹೊರಗಿರು."

ಟ್ಯಾಬಿತಾ ಬಾಗಿಲಿನವರೆಗೆ ಹೋಗಿ ಅಲ್ಲೇ ನಿಂತಳು. ಮೂವತ್ತು ವರ್ಷ ಆ ಮನೆಯಲ್ಲಿ ದುಡಿದವಳು ಜರ್ವಿಸ್‌ನ ಮಾತಿಗೆ ಅಷ್ಟೇ ಬೆಲೆ ಕೊಟ್ಟಳು.

"ಹೇಳಿ ಮಿಸೆಸ್ ಹೆಬಲ್," ಎಂದ ಗ್ಯಾಸ್ಕಿನ್. "ನಿಮ್ಮ ತಮ್ಮ ಅಲ್ಲ ಅಂತೀರಾ. ಯಾಕೆ?"

ಡಾರ್ಕಸ್ ಹೊತ್ತು ತಂದಿದ್ದ ಸುರುಳಿಯನ್ನು ಬಿಚ್ಚಿದಳು. "ಇದನ್ನ ನೋಡಿರ್ತೀರಿ ಸ್ವಾಮಿ. ಹೋದ ಚಳಿಗಾಲದ್ದು."

ಗ್ಯಾಸ್ಕಿನ್‌ನ ದಪ್ಪ ತುಟಿ ತಾನಾಗಿಯೇ ಅಲುಗಿತು. ಆ ಅಚ್ಚನ್ನು ನೋಡದವರು ಯಾರು. ಬಲಗೈ ಕಳೆದುಕೊಂಡ ಒಬ್ಬ ಅಡ್ಮಿರಲ್‌ನನ್ನು ಕರ್ನಲ್ ಬರೆದಿದ್ದ. ಅಚ್ಚಾಗಿ ಬಂದಾಗ ಅಡ್ಮಿರಲ್‌ಗೆ ಬಲಗೈ ಗಟ್ಟಿಮುಟ್ಟಾಗಿತ್ತು, ಎಡಗೈ ಮಾಯವಾಗಿತ್ತು. ಕತ್ತಿ ಬಲಸೊಂಟದಲ್ಲಿ ನೇತಾಡುತ್ತಿತ್ತು. ಅಂಗಡಿಯ ಕಿಟಕಿಯ ಮುಂದೆ ಜನ ನಕ್ಕು ನಕ್ಕು ದಾರಿ ಕಟ್ಟಿತ್ತು. ಆ ನಗು ಕೇಳದವನು ಆಗ ಲಂಡನ್ನಿನಲ್ಲಿ ಇರಲೇ ಇಲ್ಲ ಎನ್ನಬೇಕು.

"ತಗಡಿನ ಮೇಲೆ ಬಲಕ್ಕೆ ಬರೆದದ್ದು ಕಾಗದದ ಮೇಲೆ ಎಡಕ್ಕೆ ಬರುತ್ತೆ," ಎಂದಳು ಡಾರ್ಕಸ್. "ಕೆಲಸ ಕಲಿತೋರು ಚಿತ್ರಾನ ತಿರುಗಿಸಿ ತಗಡಿಗೆ ಇಳಿಸ್ತಾರೆ. ನನ್ನ ಗಂಡ ಇದ್ದಾಗ ಕರ್ನಲ್ ಚಿತ್ರಗಳನ್ನೆಲ್ಲ ಅವನೇ ಹಾಗೆ ಇಳಿಸ್ತಿದ್ದ. ಅವನು ಹೋದ್ಮೇಲೆ ಕರ್ನಲ್‌ಗೆ ನಾನೇ ತಗಡಿನ ಮೇಲೆ ಬರೀತೀನಿ ಅನ್ನೋ ಹುಚ್ಚು ಹತ್ತಿತು. ತಿರುಗಿಸಿ ಬರೀರಿ ಅಂದ್ರೆ ಕೇಳ್ಲಿಲ್ಲ. 'ನನ್ನ ಗೆರೆ ನನ್ನಿಷ್ಟ, ಉಲ್ಟಾ ನೋಡೋದು ಕೂಲಿಯೋರ ಕೆಲಸ' ಅಂತಿದ್ರು. ಹೋದ ವಾರ ಸೈಲಸ್ ಜಗಳ ಆಡಿದ್ದೂ ಇದಕ್ಕೇ."

"ಅಂದ್ರೆ?"

"ಅಂದ್ರೆ ಈ ಚಿತ್ರ ಕರ್ನಲ್ ಕೈಯಿಂದ ಬಂದಿದ್ರೆ, ಕಾಗದದ ಮೇಲೆ ಎಡಗೈ ಕಂಡ್ರೆ ಅದು ನಿಜವಾಗಿ ಬಲಗೈ. ಉಳಿ ಎತ್ತಿದೋನು ಬಲಗೈಯೋನು. ಲಂಡನ್ನಿನ ಮುಕ್ಕಾಲು ಗಂಡಸರು. ಈ ಕಿಟಕಿ ಹತ್ರ ಕೂತಿರೋರನ್ನೂ ಸೇರಿಸಿ."

ಜರ್ವಿಸ್ ತಾನು ಕುಡಿಯುತ್ತಿದ್ದ ಚಾಕಲೇಟಿನ ಬಟ್ಟಲನ್ನು ಕಿಟಕಿಯ ಅಂಚಿನ ಮೇಲಿಟ್ಟ. "ನಾಲಿಗೆ ಬಿಗಿ ಹಿಡಿದು ಮಾತಾಡು."

"ಬಲಗೈಯೋರಾ ಅಲ್ವಾ ಸ್ವಾಮಿ, ಅಷ್ಟೇ ಕೇಳಿದ್ದು."

ಗ್ಯಾಸ್ಕಿನ್ ಚರ್ಮದ ಚೀಲದಿಂದ ತಗಡನ್ನೂ ಅದರ ಅಚ್ಚಿನ ಕಾಗದವನ್ನೂ ತೆಗೆದು, ತಗಡನ್ನು ಮಗುಚಿಟ್ಟು, ಕಾಗದವನ್ನು ರಕ್ತವಿಲ್ಲದ ಕಡೆ ಹರಡಿದ. ಕಿಸೆಯಿಂದ ಭೂತಗನ್ನಡಿ ತೆಗೆದು ಅದರ ಪಕ್ಕದಲ್ಲಿಟ್ಟ. "ನೀವೇ ತೋರಿಸಿ. ಕತ್ತಿ ಯಾವ ಸೊಂಟದಲ್ಲಿದೆ?"

ಡಾರ್ಕಸ್ ಬಾಗಿದಳು. ಇಡೀ ರಾತ್ರಿ ನಿದ್ದೆಯಿಲ್ಲದೆ ಈ ಒಂದು ಕ್ಷಣಕ್ಕೆ ಅವಳು ಕಾದಿದ್ದಳು. ಕತ್ತಿ ಬಲಸೊಂಟದಲ್ಲಿರುತ್ತದೆ, ಕೋಟಿನ ಗುಂಡಿಗಳು ಹೆಂಗಸರ ಉಡುಪಿನಂತೆ ಎಡಕ್ಕಿರುತ್ತವೆ, ಅಷ್ಟು ತೋರಿಸಿದರೆ ತಮ್ಮ ಉಳಿಯುತ್ತಾನೆ.

ಕತ್ತಿ ಎಡಸೊಂಟದಲ್ಲಿತ್ತು. ಗುಂಡಿಗಳು ಬಲಕ್ಕಿದ್ದವು. ಎಲ್ಲವೂ ಎಲ್ಲಿರಬೇಕೋ ಅಲ್ಲೇ ಇತ್ತು.

ಅವಳು ಕಾಗದಕ್ಕೆ ಇನ್ನಷ್ಟು ಬಗ್ಗಿದಳು. ಕಣ್ಣು ಮುಚ್ಚಿ ತೆರೆದು ಮತ್ತೆ ನೋಡಿದಳು. ಬಾತುಕೋಳಿಯ ಗುರುತಿತ್ತು, ಕರ್ನಲ್‌ನ ಉಬ್ಬುಕೆನ್ನೆ ಇತ್ತು, ಹುಬ್ಬಿನ ಮೇಲಿನ ಆ ತುಂಟ ಗೆರೆಯೂ ಇತ್ತು. ಆದರೆ ಈ ತಗಡನ್ನು ಕೊರೆದವನು ಚಿತ್ರವನ್ನು ತಿರುಗಿಸಿ ಇಳಿಸಿದ್ದ. ಕರ್ನಲ್ ಸತ್ತರೂ ಆ ಕೆಲಸ ಮಾಡುವವನಲ್ಲ.

ಜರ್ವಿಸ್ ಎದ್ದು ಬಂದು ಅವಳ ಹೆಗಲ ಮೇಲಿಂದ ಇಣುಕಿದ. ಅವನ ಕೂದಲಿನ ಪುಡಿಯ ವಾಸನೆ ಅವಳ ಮೂಗಿಗೆ ಬಡಿಯಿತು. "ಎಡಕ್ಕೇ ಇದೆಯಲ್ಲಮ್ಮ ಕತ್ತಿ. ಹಾಗಾದ್ರೆ ಎಡಗೈ ಎಡಗೈಯೇ. ತಿರುಗಿಸಿ ಇಳಿಸೋ ಕೂಲಿಯೋನು ನಿನ್ನ ತಮ್ಮನೇ ತಾನೆ? ದೊಡ್ಡಪ್ಪ ಕಾಗದದ ಮೇಲೆ ಬರೆದುಕೊಟ್ರು, ಅವನು ತಗಡಿಗೆ ಇಳಿಸಿದ, ತಂದುಕೊಟ್ಟ, ಚುಚ್ಚಿದ. ನಿನ್ನ ಬಾಯಿಂದ್ಲೇ ಬಂತು. ದೇವರು ದೊಡ್ಡೋನು." ಅವನು ಕುರ್ಚಿಗೆ ಮರಳಿ ಮತ್ತೆ ಕಾಲ ಮೇಲೆ ಕಾಲು ಹಾಕಿದ.

ಗ್ಯಾಸ್ಕಿನ್ ನಿಟ್ಟುಸಿರು ಬಿಟ್ಟು ಕಾಗದಕ್ಕೆ ಕೈ ಚಾಚಿದ. "ನೀವು ಬರದೇ ಇದ್ದಿದ್ರೆ ಚೆನ್ನಾಗಿತ್ತು, ಮಿಸೆಸ್ ಹೆಬಲ್."

"ಒಂದು ನಿಮಿಷ. ಕೈ ಮುಗೀತೀನಿ, ಒಂದೇ ನಿಮಿಷ."

ಅವಳು ಭೂತಗನ್ನಡಿ ಎತ್ತಿಕೊಂಡಳು. ಕಾಗದದ ಮೇಲೆ ಅದನ್ನು ಇಂಚಿಂಚಾಗಿ ಸರಿಸಿದಳು. ಮೇಜಿನ ಕೆಳಗಿನ ನೆರಳು, ಪರದೆಯ ಮಡಿಕೆ, ಬೆನ್ನು ಹಾಕಿ ನಿಂತವನ ಕೋಟು. ನೆರಳು ತುಂಬಲು ಎಳೆದ ನೂರಾರು ಸಣ್ಣ ಗೆರೆಗಳು, ಎಲ್ಲವೂ ಒಂದೇ ಕಡೆಗೆ ವಾಲಿದ್ದವು.

"ಸ್ವಾಮಿ, ಅಲ್ಲಿ ಗೋಡೆ ಮೇಲೆ ಕಾಫಿಯಂಗಡಿ ಜಗಳದ ಅಚ್ಚು ಇದೆಯಲ್ಲ, ಅದು ಸೈಲಸ್ ಕೆಲಸ. ಇಳಿಸಿ ತನ್ನಿ. ನೆರಳಿನ ಗೆರೆ ಯಾವ ಕಡೆ ವಾಲಿದೆ ಅಂತ ನೀವೇ ನೋಡಿ ಹೇಳಿ."

ಗ್ಯಾಸ್ಕಿನ್ ಅದನ್ನು ಇಳಿಸಿ ತಂದು ಪಕ್ಕದಲ್ಲಿಟ್ಟು, ಒಂದರಿಂದ ಇನ್ನೊಂದಕ್ಕೆ ಕಣ್ಣು ಹಾಯಿಸಿದ. "ಇದು ಬಲಕ್ಕೆ. ಅದು ಎಡಕ್ಕೆ."

"ಸೈಲಸ್ ಹುಟ್ಟಾ ಎಡಚ. ಅವಸರದಲ್ಲಿ ಗೆರೆ ಎಳೆದ್ರೆ ಅವನ ಕೈ ಹೋಗೋದು ಒಂದೇ ಕಡೆ. ಅವನ ನೂರು ತಗಡು ಅಂಗಡೀಲಿದೆ, ನೂರರಲ್ಲೂ ಬಲಕ್ಕೇ. ಬಲಗೈಯೋನದು ಅಚ್ಚಿನಲ್ಲಿ ಎಡಕ್ಕೆ ವಾಲುತ್ತೆ. ಮುಖ ಕದೀಬೋದು, ಬಾತುಕೋಳಿ ಕದೀಬೋದು, ನೆರಳು ತುಂಬೋವಾಗ ಕೈ ಸುಳ್ಳು ಹೇಳಲ್ಲ."

ಗ್ಯಾಸ್ಕಿನ್ ಕುರ್ಚಿ ಎಳೆದುಕೊಂಡು ಕೂತ. ಅವನು ನಿಧಾನವಾಗಿ ಯೋಚಿಸುವುದು ಹಣೆಯ ಮೇಲೆ ಕಾಣುತ್ತಿತ್ತು. "ತಿರುಗಿಸಿ ಇಳಿಸಿದ್ದಾರೆ, ಅದಕ್ಕೆ ಕರ್ನಲ್ ಅಲ್ಲ. ಬಲಗೈಯೋರು, ಅದಕ್ಕೆ ನಿಮ್ಮ ತಮ್ಮ ಅಲ್ಲ. ಕೆಲಸ ಕಲಿತ ಮೂರನೇ ಒಬ್ಬ, ಕರ್ನಲ್ ಹೆಸರಲ್ಲಿ ಚಿತ್ರ ಮಾಡಿ, ಎಡಚನ ಕಡೆ ಬೊಟ್ಟು ತೋರಿಸಿ ಇಲ್ಲಿಟ್ಟು ಹೋಗಿದ್ದಾನೆ. ಹಾಗಾ?"

"ಹಾಗೇ."

"ಕೊಲೆಗೆ ಮುಂಚೆನೇ ಮಾಡಿಟ್ಕೊಂಡಿದ್ದಾನೆ."

ಆ ಮಾತು ಕೋಣೆಯಲ್ಲಿದ್ದವರಿಗೆಲ್ಲ ಒಟ್ಟಿಗೇ ಹೊಳೆಯಿತು. ಒಂದು ತಗಡು ಕೊರೆಯಲು ಎರಡು ದಿನ ಬೇಕು. ಯಾರೋ ಎರಡು ದಿನ ಬೆಳಕಿಗೆ ಕೂತು, ಗೆರೆ ಗೆರೆ, ಗುಂಡಿ ಗುಂಡಿ ಕೊರೆದು, ಆಮೇಲೆ ಬಂದು ಮುದುಕನನ್ನು ಕೊಂದಿದ್ದ. ಬಾಗಿಲಲ್ಲಿದ್ದ ಟ್ಯಾಬಿತಾ ಎದೆಯ ಮೇಲೆ ಕೈಯಿಟ್ಟುಕೊಂಡಳು.

"ಕಥೆ ಚೆನ್ನಾಗಿದೆ," ಎಂದ ಜರ್ವಿಸ್. ಧ್ವನಿಯಲ್ಲಿ ಬೆಣ್ಣೆ ಕಡಿಮೆಯಾಗಿತ್ತು. "ಆದ್ರೆ ಆ ಮೂರನೆಯೋನಿಗೆ ಹೆಸರಿಲ್ಲ, ಮುಖ ಇಲ್ಲ. ಜ್ಯೂರಿ ಗೆರೆ ವಾಲಿದ್ದನ್ನ ನೋಡ್ತಾರಾ, ಉಳಿ ಮೇಲಿನ ಹೆಸರನ್ನ ನೋಡ್ತಾರಾ?"

ಗ್ಯಾಸ್ಕಿನ್ ಒಲ್ಲದ ಮನಸ್ಸಿನಿಂದ ತಲೆಯಾಡಿಸಿದ. "ಅದು ನಿಜ. ಹೆಸರು ಬೇಕು ಮಿಸೆಸ್ ಹೆಬಲ್. ನೀವು ಹುಟ್ಟಿ ಬೆಳೆದದ್ದೇ ಈ ಕಸಬಿನಲ್ಲಿ. ಯಾರ ಕೈ ಇದು?"

ಡಾರ್ಕಸ್ ಮತ್ತೆ ಭೂತಗನ್ನಡಿಯ ಮೇಲೆ ಬಾಗಿದಳು. ಅಂಚು, ಮೂಲೆ, ಅಂಚು. ಕೆಳಗಿನ ಮೂಲೆಯಲ್ಲಿ, ಚೌಕಟ್ಟಿನ ಗೆರೆಯಿಂದ ಹೊರಗೆ, ಎಳ್ಳು ಕಾಳಿನಷ್ಟು ಜಾಗದಲ್ಲಿ ಏನೋ ಇತ್ತು.

ಮೂರು ಸಣ್ಣ ಗೀಟು. ಅವುಗಳ ಮೇಲೆ ಒಂದು ಸುತ್ತು.

 ಕೋಣೆಯ ಮಾತುಗಳೆಲ್ಲ ದೂರವಾದವು. ಆ ಗುರುತು ಅವಳಿಗೆ ಗೊತ್ತಿತ್ತು.

ತಗಡಿಗೆ ಮೇಣ ಬಳಿದು, ಸೂಜಿಯಿಂದ ಮೇಣವನ್ನು ಗೀರಿ, ಆಸಿಡ್ಡಿನಲ್ಲಿ ಅದ್ದಿದರೆ ಗೀರಿದ ಕಡೆಯಷ್ಟೇ ತಾಮ್ರ ಕರಗುತ್ತದೆ. ಚಿತ್ರ ಶುರು ಮಾಡುವ ಮುಂಚೆ ಸೂಜಿಯ ಮೊನೆ ಹದವಾಗಿದೆಯೇ ಎಂದು ಅವಳ ಗಂಡ ಜೋನಾಸ್ ಹೆಬಲ್ ಮೂಲೆಯಲ್ಲಿ ಮೂರು ಗೀಟು ಎಳೆದು ಒಂದು ಸುತ್ತು ಸುತ್ತುತ್ತಿದ್ದ. ಮೊದಲ ಪ್ರತಿ ತೆಗೆದ ಕೂಡಲೇ ಅದನ್ನು ತಗಡಿನಿಂದ ಉಜ್ಜಿ ಅಳಿಸುತ್ತಿದ್ದ. ಹಾಗಾಗಿ ಊರಲ್ಲಿ ಮಾರಾಟವಾದ ಸಾವಿರಾರು ಅಚ್ಚುಗಳಲ್ಲಿ ಆ ಗುರುತು ಒಂದರಲ್ಲೂ ಇಲ್ಲ. ಅದನ್ನು ನೋಡಿದ್ದು ಇಬ್ಬರೇ, ಎಳೆದ ಅವನು ಮತ್ತು ಮೊದಲ ಪ್ರತಿಯನ್ನು ಹಗ್ಗದ ಮೇಲೆ ಒಣಹಾಕುತ್ತಿದ್ದ ಅವಳು. ಸೈಲಸ್‌ಗೂ ಗೊತ್ತಿಲ್ಲ.

ಈ ತಗಡಿನಲ್ಲಿ ಅದು ಹಾಗೇ ಉಳಿದಿತ್ತು. ಅಚ್ಚುಯಂತ್ರ ಅಂಗಡಿಯಲ್ಲಿದೆ. ಸತ್ತನೆಂದು ಊರೆಲ್ಲ ನಂಬಿದ ಜೋನಾಸ್ ಮೊದಲ ಪ್ರತಿ ತೆಗೆದು ನೋಡುವುದಾದರೂ ಎಲ್ಲಿ?

ಹದಿನಾಲ್ಕು ತಿಂಗಳ ಹಿಂದೆ ಥೇಮ್ಸ್ ನದಿ ಜೋನಾಸ್‌ನನ್ನು ನುಂಗಿತ್ತು. ಒಂಬತ್ತು ದಿನದ ಮೇಲೆ ದೋಣಿಯವರು ಹೆಣವನ್ನು ಎಳೆದು ತಂದು ದಡದ ಹೆಂಡದಂಗಡಿಯ ಲಾಯದಲ್ಲಿ ಮಲಗಿಸಿದ್ದರು. ಮುಖವೆಂಬುದು ಉಳಿದಿರಲಿಲ್ಲ. ಕೋಟು ಮಾತ್ರ ಜೋನಾಸ್‌ನದೇ, ಒಳಪದರ ಹೊಲಿದವಳು ಅವಳೇ. ಬೈಬಲ್ ಮೇಲೆ ಕೈಯಿಟ್ಟು, ಇವನೇ ನನ್ನ ಗಂಡ ಎಂದು ಅವಳು ಪ್ರಮಾಣ ಮಾಡಿದ್ದಳು. ಪ್ರಮಾಣ ಬರೆದುಕೊಂಡವನು ಇದೇ ಗ್ಯಾಸ್ಕಿನ್.

ಅವಳು ಆ ದಿನ ಕೈಗಳನ್ನೂ ನೋಡಿದ್ದಳು. ಇಪ್ಪತ್ತು ವರ್ಷದ ಆಸಿಡ್ ಜೋನಾಸ್‌ನ ಬೆರಳುಗಳನ್ನು ಸುಟ್ಟು ಕರಿ ಮಾಡಿತ್ತು. ಸೋಪಿಗೂ ಹೋಗುತ್ತಿರಲಿಲ್ಲ. ಲಾಯದಲ್ಲಿ ಮಲಗಿದ್ದವನ ಕೈ ಬೆಳ್ಳಗಿತ್ತು. ನದಿ ತೊಳೆದಿರಬೇಕು ಎಂದು ತನಗೆ ತಾನೇ ಹೇಳಿಕೊಂಡು, ಕಂಬಳಿಯನ್ನು ಆ ಕೈಗಳ ಮೇಲೆ ಎಳೆದಿದ್ದಳು.

ಯಾಕೆಂದರೆ ಹೆಂಡತಿಗೆ ಈ ದೇಶದಲ್ಲಿ ತನ್ನದೆಂಬುದು ಏನೂ ಇಲ್ಲ, ವಿಧವೆಗೆ ಉಂಟು. ಗಂಡ ಸತ್ತ ಮಾರನೇ ದಿನದಿಂದ ಅಂಗಡಿಯ ಹಲಗೆಯ ಮೇಲೆ ಅವಳ ಹೆಸರು ಬಂತು. ಬೆನ್ನ ಮೇಲಿನ ಬಾಸುಂಡೆಗಳು ಮಾಯ್ದವು. ಹದಿನಾಲ್ಕು ತಿಂಗಳು ಅವಳು ಸುಖವಾಗಿದ್ದಳು, ಅದನ್ನು ಯಾರ ಹತ್ತಿರವೂ ಹೇಳಿಕೊಂಡಿರಲಿಲ್ಲ.

ಈಗ ಬಾಯಿ ಬಿಟ್ಟರೆ ಜೋನಾಸ್ ಬದುಕುತ್ತಾನೆ. ಅವನು ಬದುಕಿದರೆ ಅಂಗಡಿ ಅವನದು, ಅಚ್ಚುಯಂತ್ರ ಅವನದು, ಅವಳೂ ಅವನವಳು. ಸುಳ್ಳು ಪ್ರಮಾಣಕ್ಕೆ ಜೈಲು ಬೇರೆ. ಬಾಯಿ ಬಿಡದಿದ್ದರೆ ಸೈಲಸ್ ಹೋಗುತ್ತಾನೆ. ಮೊನ್ನೆ ಜೈಲಿನ ಸರಳಿನಾಚೆಯಿಂದ ಅವನು ಕೇಳಿದ್ದು ಒಂದೇ ಮಾತು: "ಅಕ್ಕ, ನಾನು ಮಾಡಿಲ್ಲ ಅಂತ ನಿನಗಾದ್ರೂ ಗೊತ್ತಲ್ವಾ?"

"ಮಿಸೆಸ್ ಹೆಬಲ್," ಎಂದ ಗ್ಯಾಸ್ಕಿನ್. "ಏನೋ ಕಂಡಿದೆ ನಿಮಗೆ."

"ಏನೂ ಕಂಡಿಲ್ಲ ಅವಳಿಗೆ," ಎಂದ ಜರ್ವಿಸ್. "ಹನ್ನೊಂದೂಕಾಲು. ಹೊರಡೋಣ."

ಡಾರ್ಕಸ್ ಭೂತಗನ್ನಡಿಯನ್ನು ಮೇಜಿನ ಮೇಲಿಟ್ಟಳು.  "ಇದು ನನ್ನ ಗಂಡನ ಕೈ ಸ್ವಾಮಿ. ಜೋನಾಸ್ ಹೆಬಲ್."

"ಹಳೇ ತಗಡಾ?"

"ಅಲ್ಲ. ಹಿಂಬದಿ ನೋಡಿ, ತಾಮ್ರ ಇನ್ನೂ ಹೊಳೀತಿದೆ. ಇದನ್ನ ಕೊರೆದು ಹದಿನೈದು ದಿನ ಆಗಿಲ್ಲ. ಅವನಿಗೆ ಅಡ್ಮಿರಲ್ ಚಿತ್ರದ ವಿಷಯ ಗೊತ್ತಿಲ್ಲ, ಅವನು ಆಗ ಊರಲ್ಲಿರ್ಲಿಲ್ಲ. ಕರ್ನಲ್ ಚಿತ್ರ ಅಂದ್ರೆ ತಿರುಗಿಸಿ ಇಳಿಸ್ಬೇಕು ಅಂತ್ಲೇ ಅವನ ಲೆಕ್ಕ. ಅಂಗಡಿಯ ಹಿಂಬಾಗಿಲ ಬೀಗದ ಕೈ ಇನ್ನೂ ಅವನ ಹತ್ರಾನೇ ಇರ್ಬೇಕು, ಜಗಳ ಆದ ಮಾರನೇ ದಿನಾನೇ ಉಳಿ ಕಳೆದುಹೋಗಿತ್ತು." ಅವಳು ಉಸಿರೆಳೆದುಕೊಂಡಳು. "ಅವತ್ತು ಲಾಯದಲ್ಲಿ ಮಲಗಿದ್ದೋನು ಅವನಲ್ಲ. ಕೈ ನೋಡಿದಾಗ್ಲೇ ನನಗೆ ಗೊತ್ತಿತ್ತು. ಗೊತ್ತಿದ್ದೂ ನಿಮ್ಮ ಮುಂದೆ ಸುಳ್ಳು ಪ್ರಮಾಣ ಮಾಡ್ದೆ. ಬರ್ಕೊಳ್ಳಿ, ರುಜು ಹಾಕ್ತೀನಿ."

 ಗ್ಯಾಸ್ಕಿನ್‌ನ ದಪ್ಪ ಮುಖದಿಂದ ಬಣ್ಣ ಇಳಿಯಿತು. ಅವನು ತಗಡನ್ನು ಎತ್ತಿಕೊಂಡು, ಹಿಂಬದಿಯ ಹೊಳೆಯುವ ತಾಮ್ರದ ಮೇಲೆ ಹೆಬ್ಬೆರಳು ಆಡಿಸಿದ.

"ಇದಕ್ಕೆ ನಿಮಗೇನಾಗುತ್ತೆ ಗೊತ್ತಾ?"

"ಗೊತ್ತು. ನನ್ನ ತಮ್ಮನ್ನ ಬಿಡಿ."

"ಜ್ಯೂರಿ ಇವತ್ತು ಕೂರಲ್ಲ. ಅಷ್ಟು ಹೇಳ್ತೀನಿ." ಅವನು ಮುಂದಕ್ಕೆ ಬಾಗಿದ. ಧ್ವನಿ ಪಿಸುಮಾತಿಗೆ ಇಳಿದಿತ್ತು. "ಆದ್ರೆ ಜೋನಾಸ್ ಹೆಬಲ್ ಬದುಕಿದ್ರೆ, ಅವನ ಕೋಟು ಹಾಕಿಸಿ, ಮುಖ ಇಲ್ಲದ ಹಾಗೆ ಮಾಡಿ, ನಮ್ಮಿಬ್ಬರ ಕೈಲಿ ಹೂಳಿಸಿದ್ದು ಯಾರನ್ನ?"

"ಯಾವನೋ ಕುಡುಕ," ಎಂದಿತು ಜರ್ವಿಸ್‌ನ ಧ್ವನಿ. "ನದೀಲಿ ದಿನಕ್ಕೊಂದು ಹೆಣ ಸಿಗುತ್ತೆ. ಅದನ್ನೆಲ್ಲ ಈಗ ಯಾಕೆ ಕೆದಕ್ಬೇಕು?"

"ಕುಡುಕನ ಕೈ ಅಲ್ಲ ಅದು," ಎಂದಳು ಡಾರ್ಕಸ್. ಹದಿನಾಲ್ಕು ತಿಂಗಳು ಕಂಬಳಿಯ ಕೆಳಗೆ ಮುಚ್ಚಿಟ್ಟದ್ದನ್ನು ಅವಳು ಕಣ್ಣು ಮುಚ್ಚಿ ಮತ್ತೆ ನೋಡುತ್ತಿದ್ದಳು. "ದುಡಿದ ಕೈಯೇ ಅಲ್ಲ. ನುಣ್ಣಗಿತ್ತು, ಹುಡುಗೀರ ಕೈ ಹಾಗೆ. ಉಗುರೆಲ್ಲ ನೀಟಾಗಿ ಕತ್ತರಿಸಿತ್ತು. ಎಡಗೈ ಕಿರುಬೆರಳೊಂದು ಒಳಕ್ಕೆ ಮಡಚ್ಕೊಂಡಿತ್ತು. ಪ್ರಾಣ ಹೋಗೋವಾಗ ಸೆಟೆದಿರ್ಬೇಕು ಅಂತ ನಾನು ಬಿಡಿಸೋಕೆ ನೋಡ್ದೆ. ಬಿಡಿಸೋಕಾಗ್ಲಿಲ್ಲ."

ಬಾಗಿಲಲ್ಲಿ ತಟ್ಟೆ ನೆಲಕ್ಕೆ ಬಿತ್ತು. ಚಾಕಲೇಟಿನ ಬಟ್ಟಲು ಉರುಳುತ್ತ ಹೋಗಿ ಗೋಡೆಗೆ ತಾಗಿ ನಿಂತಿತು.

"ಬಾಗಿಲ ಸಂದಿಗೆ ಸಿಕ್ಕಿದ್ದು," ಎಂದಳು ಟ್ಯಾಬಿತಾ. ಅವಳು ಯಾರನ್ನೂ ನೋಡುತ್ತಿರಲಿಲ್ಲ. "ನಮ್ಮ ಲೂಷಿಯನ್‌ಗೆ ಆರು ವರ್ಷ ಆಗ. ಕಡ್ಡಿ ಕಟ್ಟಿ ಬಟ್ಟೆ ಸುತ್ತಿದ್ದು ನಾನೇ. ಒಂದು ತಿಂಗಳು ತೊಡೆ ಮೇಲೆ ಮಲಗಿಸ್ಕೊಂಡೆ. ನೆಟ್ಟಗಾಗ್ಲೇ ಇಲ್ಲ ಕಣಮ್ಮ ಅದು."

ಡಾರ್ಕಸ್ ಕಣ್ಣು ತೆರೆದು ಗೋಡೆಯ ಕಡೆ ತಿರುಗಿದಳು. ಚಹದ ಬಟ್ಟಲು ಹಿಡಿದ ಎಡಗೈಯನ್ನು ಹುಡುಕಿದಳು. ಅದು ಪೆನ್ಸಿಲ್ಲಿನ ಚಿತ್ರ, ಅಚ್ಚಲ್ಲ. ಅಲ್ಲಿ ಎಡಗೈ ಎಡಗೈಯೇ, ಇಲ್ಲದ್ದನ್ನು ಕರ್ನಲ್ ಎಂದೂ ಬರೆದವನಲ್ಲ.

ಚಿತ್ರ ಕಾಣಿಸಲಿಲ್ಲ. ಕಿಟಕಿಯ ಬಳಿಯ ಕುರ್ಚಿ ಖಾಲಿಯಿತ್ತು. ಅವಳು ಬೆರಳಿನ ಮಾತು ಎತ್ತುವ ಮೊದಲೇ ಜರ್ವಿಸ್ ಟೀಲ್ ಎದ್ದು ಬಂದು, ಗೋಡೆಯ ಮೇಲಿನ ಅಣ್ಣನ ಚಿತ್ರಕ್ಕೆ ಬೆನ್ನು ಒತ್ತಿಕೊಂಡು ನಿಂತಿದ್ದ.